ಹರಳಿಲ್ಲದ ಸೆಟ್ಟು ಮಾತಾಡಿದ ಖಂಡೇನವಮಿ

ದೆವ್ವ, ಪಿಶಾಚಿ, ಮೈಮೇಲೆ ಬರುವುದು, ಯಾರೂ ಇಲ್ಲದ ಕಡೆ ಧ್ವನಿ ಕೇಳುವುದು, ಇಂಥ ಮಾತನ್ನು ಯಾರಾದರೂ ತೆಗೆದರೆ ಅವರ ಮುಖದ ಮುಂದೆಯೇ ನಗುತ್ತಿದ್ದವಳು ನಾನು. ನಮ್ಮಪ್ಪನಿಗೆ ನಿಪ್ಪಾಣಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಒಮ್ಮೆ ಒಬ್ಬ ಹೆಂಗಸು ಸೆರಗಿನಲ್ಲಿ ರೇಡಿಯೋ ಸುತ್ತಿಕೊಂಡು ಬಂದಳು. ಸ್ವಿಚ್ಚು ಆರಿಸಿದರೂ ಅದು ಹಾಡುತ್ತದೆ, ಸತ್ತ ಅತ್ತೆ ಒಳಗೆ ಹೊಕ್ಕಿದ್ದಾಳೆ ಎಂದು ಅತ್ತಳು. ಅಪ್ಪ ಬಿಚ್ಚಿ ನೋಡಿದರೆ ಸ್ವಿಚ್ಚಿನೊಳಗಿನ ಎರಡು ತಗಡು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಹೊಸ ಸ್ವಿಚ್ಚು ಹಾಕಿ, "ತಗೋರಿ, ನಿಮ್ಮತ್ತಿನ್ನ ಹೊರಗ ಹಾಕೇನಿ" ಎಂದು ಕೊಟ್ಟ. ಅಂಥ ಅಂಗಡಿಯಲ್ಲಿ ಬೆಳೆದವಳಿಗೆ ದೆವ್ವದ ಭಯ ಎಲ್ಲಿಂದ ಬರಬೇಕು?

ಆದ್ದರಿಂದ ಈಗ ನಾನು ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಆದರೆ ಅರ್ಧಕ್ಕೆ ಬಿಡಬೇಡಿ, ಪೂರ್ತಿ ಓದಿ. ಅಂದು ಕೇಳಿದ ಧ್ವನಿಗಿಂತ ಅಂದು ಕೇಳದಿದ್ದ ಮನುಷ್ಯರ ಬಗ್ಗೆ ನನಗೆ ಹೇಳುವುದಿದೆ. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ತೊಂಬತ್ತರ ದಶಕದ ಆರಂಭದ ಮಾತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ನಾನು ರಾಯಬಾಗ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ವಾಯರ್‌ಲೆಸ್ ಆಪರೇಟರ್ ಆಗಿ ಸೇರಿದ್ದೆ. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೊಂದು ಮರ್ಯಾದೆ ಕೊಟ್ಟಂತಾಗುತ್ತದೆ. ಆಗ ಟೆಲಿಫೋನು ಇದ್ದೂ ಇಲ್ಲದ ಹಾಗೆ. ಯಾವ ಊರಿನ ಕಬ್ಬು ಯಾವಾಗ ಕಡಿಯಬೇಕು, ಯಾವ ಟ್ರ್ಯಾಕ್ಟರ್ ಎಲ್ಲಿ ಕೆಟ್ಟು ನಿಂತಿದೆ, ಎಲ್ಲವೂ ವಾಯರ್‌ಲೆಸ್ ಮೇಲೆಯೇ ನಡೆಯುತ್ತಿತ್ತು. ಚಿಕ್ಕೋಡಿಯಲ್ಲಿ ಒಂದು ಆಫೀಸು, ಅಥಣಿಯಲ್ಲಿ ಒಂದು, ಆಮೇಲೆ ಕಾಗವಾಡದ ಕಡೆ ಕೃಷ್ಣಾ ನದಿಯ ದಂಡೆಗೆ ನಮ್ಮ ಜಾಕ್‌ವೆಲ್. ಜಾಕ್‌ವೆಲ್ ಅಂದರೆ ನದಿಯ ನೀರನ್ನು ಕಾರ್ಖಾನೆಗೆ ಎತ್ತಲು ಕಟ್ಟಿದ ಆಳವಾದ ಕಾಂಕ್ರೀಟು ಬಾವಿ. ಮೇಲೆ ಒಂದು ಕೋಣೆ, ಕೋಣೆಯ ನೆಲದಲ್ಲಿ ಕಬ್ಬಿಣದ ಬಾಗಿಲು, ಅದನ್ನು ಎತ್ತಿ ಏಣಿಯಿಂದ ಕೆಳಗಿಳಿದರೆ ಮೋಟಾರು.

ಅಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದವರು ರಾಜೇಸಾಬ ಚಾಚಾ. ಐವತ್ತು ದಾಟಿದ, ತೆಳ್ಳಗಿನ, ಬಾಯಿತುಂಬ ಮಾತಿನ ಮನುಷ್ಯ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟು ಅವರಿಗೆ ಕೊಟ್ಟಿದ್ದರು. ಮಾತು ಮುಗಿಸಿದಾಗ ಓವರ್ ಅನ್ನಬೇಕು ಎಂದು ನಾನು ಕಲಿಸಿದ್ದೆ. ಬರೀ ಓವರ್ ಅಂದರೆ ಸೊಕ್ಕು ತೋರಿಸಿದ ಹಾಗಾಗುತ್ತದೆ ಎಂದು ಅವರು "ಓವರ್ ರೀ" ಅನ್ನುತ್ತಿದ್ದರು. ಅಥಣಿ ಆಫೀಸಿನವರು ಅಣಕಿಸಿದರೂ ಬಿಡಲಿಲ್ಲ. ನನ್ನನ್ನು ಎಲ್ಲರೂ, ಮೇಡಂ ಅನ್ನುವ ಹಾಗೆ, ಬಾಯಾರ ಎಂದು ಕರೆದರೆ ಚಾಚಾ ಮಾತ್ರ ತಂಗಿ ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ನದಿಯ ನೀರು ಎಷ್ಟಿದೆ ಎಂದು ಹೇಳಿ, ಕೊನೆಗೆ "ಚಹಾ ಆತೇನು ತಂಗಿ, ಓವರ್ ರೀ" ಎಂದು ಕೇಳದೆ ಬಿಡುತ್ತಿರಲಿಲ್ಲ.

ಇಲ್ಲಿ ಸೆಟ್ಟಿನ ಬಗ್ಗೆ ಸ್ವಲ್ಪ ಹೇಳಬೇಕು. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ವಾಯರ್‌ಲೆಸ್ ಸೆಟ್ಟು ಗಾಳಿಯಲ್ಲಿನ ಮಾತನ್ನು ತಾನಾಗಿಯೇ ಹಿಡಿಯುವುದಿಲ್ಲ. ಅದರ ಹೊಟ್ಟೆಯೊಳಗೇ ಒಂದು ಆಸಿಲೇಟರ್ ಇರುತ್ತದೆ. ಅದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಒಂದೇ ಸಮನೆ ಮಿಡಿಯುತ್ತಿರಬೇಕು. ಹೊರಗಿನಿಂದ ಬಂದ ಅಲೆಯ ಜೊತೆ ಈ ಮಿಡಿತ ಬೆರೆತಾಗಲೇ ನಮಗೆ ಬೇಕಾದವರ ಧ್ವನಿ ಬೇರೆಯಾಗಿ ಕೈಗೆ ಸಿಗುತ್ತದೆ. ನಮ್ಮ ಹಳೆಯ ಸೆಟ್ಟಿನಲ್ಲಿ ಈ ಮಿಡಿತ ಹುಟ್ಟುತ್ತಿದ್ದುದು ಒಂದು ಹರಳಿನಿಂದ. ಉಗುರಿನಷ್ಟು ದೊಡ್ಡ ತಗಡಿನ ಡಬ್ಬಿ, ಅದರೊಳಗೆ ಸ್ಫಟಿಕದ ಚೂರು, ಕೆಳಗೆ ಎರಡು ಕಾಲು. ಕೇಳಲಿಕ್ಕೆ ಒಂದು ಹರಳು, ಮಾತಾಡಲಿಕ್ಕೆ ಒಂದು. ಕಿತ್ತು ತೆಗೆದರೆ ಸೆಟ್ಟು ಕಿವುಡೂ ಹೌದು, ಮೂಕವೂ ಹೌದು.

ಆ ವರ್ಷ ಹಳೆಯ ಸೆಟ್ಟನ್ನು ತೆಗೆದು ಮೂಲೆಗಿಟ್ಟು ಪುಣೆಯಿಂದ ಹೊಸದನ್ನು ತರಿಸಿದರು. ಅದರಲ್ಲಿ ಪ್ರತಿ ಚಾನೆಲ್ಲಿಗೆ ಬೇರೆ ಹರಳಿನ ಗೊಡವೆ ಇಲ್ಲ. ಗುಂಡಿ ಒತ್ತಿದರೆ ಕೆಂಪು ಅಂಕಿ ಮೂಡಿ ಬೇಕಾದ ಚಾನೆಲ್ ಬರುತ್ತಿತ್ತು. ನೋಡಲು ಬಲು ಚೆಂದ. ಆದರೆ ಅದರ ಆಸಿಲೇಟರ್ ನಡುಗುತ್ತಿತ್ತು. ಭಜನೆಯಲ್ಲಿ ತಾಳ ಹಾಕುವವನ ಕೈ ಒಮ್ಮೆ ತುಸು ಮುಂಚೆ, ಒಮ್ಮೆ ತುಸು ತಡವಾಗಿ ಬಿದ್ದರೆ ಹೇಗೋ ಹಾಗೆ. ಎಣಿಸಿ ನೋಡಿದರೆ ತಾಳ ಸರಿಯಾಗಿಯೇ ಇರುತ್ತದೆ, ಹಾಡು ಮಾತ್ರ ಕೆಡುತ್ತದೆ. ಇದಕ್ಕೆ ಫೇಸ್ ನಾಯ್ಸ್ ಅನ್ನುತ್ತಾರೆ. ಹತ್ತಿರದಲ್ಲಿ ಜೋರಾದ ಇನ್ನೊಂದು ಸ್ಟೇಷನ್ ಇಲ್ಲದಿದ್ದರೆ ಇದು ಗೊತ್ತೇ ಆಗುವುದಿಲ್ಲ. ನಮಗೆ ಇತ್ತು. ಪಕ್ಕದ ದಿನ್ನೆಯ ಮೇಲೆ ಇನ್ನೊಬ್ಬರ ವಾಯರ್‌ಲೆಸ್ ಕಂಬ, ನಮ್ಮ ಚಾನೆಲ್ಲಿಗೆ ತಾಗಿಕೊಂಡೇ ಅವರ ಚಾನೆಲ್. ಅವರು ಬಾಯಿ ತೆರೆದರೆ ಸಾಕು, ನಮ್ಮ ಹೊಸ ಸೆಟ್ಟಿನ ನಡುಗುವ ಮಿಡಿತ ಅವರ ಅಲೆಯನ್ನು ನಮ್ಮ ಚಾನೆಲ್ಲಿನ ಮೇಲೆ ಬಳಿದುಬಿಡುತ್ತಿತ್ತು. ಮಾತು ಕೇಳುತ್ತಿರಲಿಲ್ಲ, ಬರೀ ಖರ್‌ ಎನ್ನುವ ಸದ್ದು. ಚಿಕ್ಕೋಡಿಯ ದೊಡ್ಡ ಸೆಟ್ಟಿನ ಮಾತು ಹೇಗೋ ತೂರಿ ಬರುತ್ತಿತ್ತು. ದಂಡೆಯ ಮೇಲಿನ ಚಾಚಾನ ಸಣ್ಣ ಸೆಟ್ಟಿನ ಧ್ವನಿ ಅದರಡಿ ಹೂತುಹೋಗುತ್ತಿತ್ತು.

ಇದನ್ನು ನಾನು ಮ್ಯಾನೇಜರನಿಗೆ ಎಷ್ಟು ಸಲ ಹೇಳಿದೆನೋ! ಎಲ್ಲರೂ ಆತನನ್ನು ಸಾಹೇಬ್ರು ಅನ್ನುತ್ತಿದ್ದರು, ಎದುರಿಗೆ ನಾನೂ ಅನ್ನುತ್ತಿದ್ದೆ. ಇಲ್ಲಿ ಬಹುವಚನ ಕೊಡಲು ನನ್ನ ಕೈ ಬಾರದು. ಹಳೆಯ ಸೆಟ್ಟನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನಮ್ಮ ಕಂಬದ ತಂತಿಗೆ ಒಂದಾದ ಮೇಲೊಂದು ಜೋಡಿಸಿ ತೋರಿಸಿದೆ. ಹಳೆಯದರಲ್ಲಿ ಚಾಚಾ ಕೆಮ್ಮಿದ್ದೂ ಕೇಳುತ್ತಿತ್ತು. ಹೊಸದರಲ್ಲಿ ಖರ್‌. ಪುಣೆಯ ಎಂಜಿನಿಯರನನ್ನು ಕರೆಸಿದರು. ಅವನು ಒಂದು ಮೀಟರು ತಂದು ಹಚ್ಚಿ, ಅಂಕಿ ಎಲ್ಲ ಬರೋಬರ್ ಇದೆ ನೋಡಿ ಅಂದ. ಇರುತ್ತದಲ್ಲ! ಎಣಿಸುವ ಮೀಟರಿಗೆ ನಡುಕ ಎಲ್ಲಿಂದ ಕಾಣಬೇಕು? ಅದನ್ನೂ ಹೇಳಿದೆ. ಮ್ಯಾನೇಜರ ನಕ್ಕ.

"ಬಾಯಾರ, ಸೆಟ್ಟ ಚಲೋನ ಐತ್ರಿ. ಹವಾ ಕೆಟ್ಟೈತಿ. ಹವಾಕ್ಕ ನೀವೇನ ಮಾಡ್ತೀರಿ, ನಾ ಏನ ಮಾಡ್ಲಿ?"

ಹವಾ ಅಂತೆ ಹವಾ! ಗದ್ದಲ ಹೊರಗಿನದಲ್ಲ, ನಮ್ಮ ಡಬ್ಬಿಯ ಹೊಟ್ಟೆಯೊಳಗೇ ಹುಟ್ಟುತ್ತಿದೆ ಎಂದು ಬಡಿದುಕೊಂಡೆ. ಹೆಣ್ಣುಮಗಳು, ಅದರಲ್ಲೂ ರಿಪೇರಿಯವನ ಮಗಳು, ಯಾರು ಕೇಳುತ್ತಾರೆ?

ಆ ವರ್ಷದ ಖಂಡೇನವಮಿ ಬಂತು. ನಮ್ಮ ಕಡೆ ಆ ದಿನ ಕೆಲಸದ ಸಾಮಾನಿಗೆಲ್ಲ ಪೂಜೆ. ಕಾರ್ಖಾನೆಯ ಅಂಗಳದಲ್ಲಿ ಜೀಪು, ಟ್ರ್ಯಾಕ್ಟರು, ಲಾರಿ ಎಲ್ಲ ತೊಳೆದು ಸಾಲಾಗಿ ನಿಲ್ಲಿಸಿದ್ದರು. ಚೆಂಡುಹೂವಿನ ಮಾಲೆ, ಬಾನೆಟ್ಟಿಗೆ ವಿಭೂತಿ, ಗಾಲಿಯ ಕೆಳಗೆ ನಿಂಬೆಹಣ್ಣು. ಕಾರ್ಖಾನೆಯ ಅಧ್ಯಕ್ಷರು ಬಂದು ಕಾಯಿ ಒಡೆಯುವವರೆಗೆ ಯಾವ ಗಾಡಿಯೂ ಅಲುಗುವಂತಿಲ್ಲ. ಅಲುಗಿದರೆ ವರ್ಷವಿಡೀ ಅಪಘಾತ ಎಂಬ ನಂಬಿಕೆ. ಗಾಡಿಗಳ ಕೀಲಿ, ಸ್ಪ್ಯಾನರು, ಅಳತೆಯ ಪಟ್ಟಿ ಎಲ್ಲ ಒಂದು ದೊಡ್ಡ ತಾಟಿನಲ್ಲಿಟ್ಟು ಅಂಗಳದ ಮಂಟಪದಲ್ಲಿ ಪೂಜೆಗಿಟ್ಟಿದ್ದರು. ವಾಯರ್‌ಲೆಸ್ಸಿಗೂ ವಿಶ್ರಾಂತಿ ಕೊಡಬೇಕೆಂದು ಮ್ಯಾನೇಜರ ಹಿಂದಿನ ದಿನವೇ ಎಲ್ಲ ಆಫೀಸಿಗೂ ಹೇಳಿಬಿಟ್ಟಿದ್ದ. ನಾನು ಜಗಳ ಕಾದೆ. ಘಟ್ಟದ ಮೇಲೆ ಹಿಂಗಾರು ಜೋರು ಹಿಡಿದಿತ್ತು, ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದರು, ನದಿ ಏರುತ್ತಿದೆ ಎಂದು ಚಾಚಾ ಆಗಲೇ ಹೇಳಿದ್ದರು. ಅವರ ಜೊತೆಯ ಆಳಿಗೆ ಹಬ್ಬದ ರಜೆ ಕೊಟ್ಟಿದ್ದರು. ದಂಡೆಗೆ ಒಬ್ಬ ಮನುಷ್ಯ ಒಂಟಿಯಾಗಿದ್ದಾಗ ಸೆಟ್ಟು ಆರಿಸುವುದೆಂದರೇನು? ಕೊನೆಗೆ, ಹೊಸ ಸೆಟ್ಟು ಹಚ್ಚಿಡಿ, ಆದರೆ ಧ್ವನಿ ಸಣ್ಣಗಿರಲಿ ಎಂದು ಒಪ್ಪಿದ. ಒಪ್ಪಿದಾಗಲೂ ಏನೋ ಭಿಕ್ಷೆ ಹಾಕಿದವನ ಮುಖ.

ಹಳೆಯ ಸೆಟ್ಟಿಗೂ ಪೂಜೆ ಬೇಕಾಗಿತ್ತು. ಅದರ ಎರಡು ಹರಳನ್ನು ಕಿತ್ತು ತೆಗೆದು, ಅಂಗಳದ ತಾಟಿನಲ್ಲಿ ಕೀಲಿಗಳ ಪಕ್ಕ ಇಟ್ಟು ಕುಂಕುಮ ಹಚ್ಚಿದರು. ಸೆಟ್ಟು ಮಾತ್ರ ನನ್ನ ಕೋಣೆಯಲ್ಲಿ, ಮೇಜಿನ ಮೇಲೆ. ಅದರ ಕೆಂಪು ದೀಪ ಹತ್ತಿದ್ದರೆ ಕೋಣೆಗೆ ಬರುವ ಅಧ್ಯಕ್ಷರ ಕಣ್ಣಿಗೆ ಚೆಂದ ಕಾಣುತ್ತದೆ ಎಂದು ಮ್ಯಾನೇಜರ ಅದಕ್ಕೆ ಕರೆಂಟು ಹಚ್ಚಿಸಿದ್ದ. ಕಂಬದಿಂದ ಬರುವ ತಂತಿ ಒಂದೇ, ಅದು ಹೊಸ ಸೆಟ್ಟಿಗಿತ್ತು. ನೀವು ಇದನ್ನು ಗಮನವಿಟ್ಟು ಓದಬೇಕು. ಹಳೆಯ ಸೆಟ್ಟಿಗೆ ಗಾಳಿಯಿಂದ ಹಿಡಿಯಲು ತಂತಿ ಇಲ್ಲ. ಹಿಡಿದರೂ ಬೇರ್ಪಡಿಸಲು ಒಳಗೆ ಮಿಡಿತವಿಲ್ಲ. ದೀಪ ಹತ್ತಿದ ಖಾಲಿ ಡಬ್ಬಿ ಅದು, ಅಷ್ಟೇ.

ಇಂಥ ಸಂಗತಿಗಳೆಲ್ಲ ರಾತ್ರಿ ನಡೆಯುತ್ತವೆ ಅನ್ನುತ್ತಾರೆ. ನನಗಾದದ್ದು ನಡು ಮಧ್ಯಾಹ್ನ. ಅಂಗಳದಲ್ಲಿ ಹಲಗೆ ಬಾರಿಸುತ್ತಿದ್ದರು, ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪಕ್ಕದ ಕಂಬದವರು ಬೆಳಗಿನಿಂದ ಒಂದೇ ಸಮನೆ ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳಿಕೊಳ್ಳುತ್ತಿದ್ದರು. ಅವರು ಬಿಡುವು ಕೊಟ್ಟರಲ್ಲವೇ ನಮಗೆ ಏನಾದರೂ ಕೇಳುವುದು? ಹೊಸ ಸೆಟ್ಟು ಖರ್‌ ಖರ್‌ ಅನ್ನುತ್ತಲೇ ಇತ್ತು. ಬೆಳಗಿನಿಂದ ಚಾಚಾನ ಮಾತು ಕೇಳಿರಲಿಲ್ಲ. ನಾನೇ ಮೇಲಿಂದ ಮೇಲೆ ಕರೆದೆ, ಉತ್ತರವಿಲ್ಲ. ಕೊಟ್ಟಿದ್ದರೂ ಆ ಸುಡುಗಾಡು ಗದ್ದಲದಲ್ಲಿ ನನಗೆ ಕೇಳುತ್ತಿರಲಿಲ್ಲ.

ಆಗ ಹಿಂದಿನಿಂದ ಚಾಚಾನ ಧ್ವನಿ ಬಂತು. ಹೊಸ ಸೆಟ್ಟಿಗೆ ಕಿವಿಗೊಟ್ಟು ಕೂತಿದ್ದ ನನ್ನ ಬೆನ್ನ ಹಿಂದೆ, ಹಳೆಯ ಸೆಟ್ಟಿನಿಂದ.

"ತಂಗಿ, ನಾ ಕೆಳಗ ಇಳದೇನಿ. ಮ್ಯಾಲಿನ ಬಾಗಲಾ ಬಿದ್ದೈತಿ, ಎತ್ತಾಕ ಆಗವಲ್ದು. ನೀರ ಸೊಂಟಮಟ ಬಂದಾವ. ಮೋಟಾರಿನ ಸ್ಟಾರ್ಟರ್ ಡಬ್ಬಿಗಿ ನೀರ ಹೋಗಬಾರ್ದಂತ ನನ್ನ ಅಂಗಿ ಸುತ್ತೇನಿ. ಹಗ್ಗಾ ಕೊಟ್ಟು ಇಬ್ಬರನ್ನ ಕಳಸು. ಲಗೂ ಕಳಸು, ಓವರ್ ರೀ."

ಒಂದು ಚೂರೂ ಖರ್‌ ಇಲ್ಲ. ಕೋಣೆಯೊಳಗೆ ಬಂದು ನಿಂತು ಮಾತಾಡಿದಷ್ಟು ಸ್ಪಷ್ಟ. ಹಿಂದೆ ನೀರು ಗೋಡೆಗೆ ಬಡಿಯುವ ಸದ್ದೂ ಕೇಳಿತು. ನಾನು ತಿರುಗಿ ನೋಡಿದೆ. ಹಳೆಯ ಸೆಟ್ಟಿನ ಕೆಂಪು ದೀಪ, ಅದರ ಮೇಲೆ ಒಂದು ಚೆಂಡುಹೂವು, ಹರಳು ಕಿತ್ತ ಜಾಗದಲ್ಲಿ ಎರಡು ಖಾಲಿ ತೂತು. ಆದರೆ ಅದನ್ನು ನೋಡುತ್ತ ನಿಲ್ಲುವ ಹೊತ್ತಲ್ಲ ಅದು. ಹೊಸ ಸೆಟ್ಟಿನ ಮೈಕು ಎತ್ತಿ, "ಚಾಚಾ, ತಡೀರಿ, ಮಂದಿನ್ನ ಕಳಸ್ತೇನಿ" ಎಂದು ಕೂಗಿದೆ. ಅಥಣಿ ಆಫೀಸನ್ನು ಕರೆದೆ. ಅವರಿಗೆ ದಂಡೆ ಹತ್ತಿರ. ಅವರು ಹಬ್ಬಕ್ಕೆಂದು ಸೆಟ್ಟು ಆರಿಸಿ ಮನೆಗೆ ಹೋಗಿದ್ದರು. ಅಂಗಳಕ್ಕೆ ಓಡಿದೆ.

ಮ್ಯಾನೇಜರ ಹೊಸ ಧೋತರ ಉಟ್ಟು ತಾಟಿನ ಮುಂದೆ ನಿಂತಿದ್ದ. ಅಧ್ಯಕ್ಷರ ಕಾರು ಇನ್ನೂ ಬಂದಿರಲಿಲ್ಲ.

"ಸಾಹೇಬ್ರ, ಜೀಪ ಬಿಡ್ರಿ. ರಾಜೇಸಾಬ ಚಾಚಾ ಜಾಕ್‌ವೆಲ್ಲಿನ್ಯಾಗ ಸಿಕ್ಕೊಂಡಾರ, ನೀರ ಏರಾಕತ್ತಾವ."

"ಯಾರ ಹೇಳಿದ್ರು?"

"ಅವರ ಹೇಳಿದ್ರು. ಸೆಟ್ಟಿನ್ಯಾಗ."

"ಹೊಸಾ ಸೆಟ್ಟಿನ್ಯಾಗ?"

ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದದ್ದು ಇದ್ದದ್ದೇ. "ಹಳೇದರಾಗ ರೀ."

ಆತ ತಾಟಿನಿಂದ ಎರಡು ಹರಳನ್ನು ಎತ್ತಿ ಅಂಗೈಯಲ್ಲಿಟ್ಟು ನನಗೂ ಸುತ್ತಲಿನವರಿಗೂ ತೋರಿಸಿದ. "ಬಾಯಾರ, ಹರಳು ಇಲ್ಲೆ ಕುಂಕುಮ ಹಚಗೊಂಡು ಕುಂತಾವ. ಅದ್ಯಾವ ಸೆಟ್ಟ ಮಾತಾಡ್ತೈತ್ರಿ? ನವರಾತ್ರಿ ಉಪಾಸ ಹಿಡದೀರೇನು? ಹೋಗ್ರಿ, ಏನರ ತಿಂದು ತಲಿ ಶಾಂತ ಮಾಡ್ಕೋರಿ."

ಸುತ್ತ ನಿಂತವರು ನಕ್ಕರು. ಉಪವಾಸ! ಅಂದು ಬೆಳಿಗ್ಗೆ ನಾನು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದಿದ್ದೆ.

"ಸೆಟ್ಟಿಂದು ಆಮ್ಯಾಲ ಮಾತಾಡೂಣ್ರಿ! ನಂದು ಸುಳ್ಳಾದ್ರ ನೌಕರಿ ಬಿಟ್ಟು ಹೋಗ್ತೇನಿ. ಮದಲ ಜೀಪ ಕಳಸ್ರಿ. ಮನಶಾ ಸಾಯಾಕತ್ತಾರ ಅಲ್ಲೆ!" ಎಂದು ಒದರಿದೆ. ನನ್ನ ಧ್ವನಿ ಹಲಗೆಯ ಸದ್ದಿಗಿಂತ ಜೋರಾಗಿತ್ತು. ಹಲಗೆಯವರು ಬಾರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಅಧ್ಯಕ್ಷರು ಬರೂ ಹೊತ್ತಾತು. ಕಾಯಿ ಒಡೀಲಿ. ಆಮ್ಯಾಲ ಜೀಪಷ್ಟ ಅಲ್ಲ, ಲಾರೀನೂ ತಗೊಂಡ ಹೋಗ್ರಿ."

ನಾನು ತಾಟಿಗೆ ಕೈಹಾಕಿ ಜೀಪಿನ ಕೀಲಿ ಎತ್ತಿಕೊಂಡೆ. ಪೂಜೆಯ ತಾಟಿಗೆ ಕೈಹಾಕಿದಳು ಎಂದು ಗದ್ದಲವಾಯಿತು. ಡ್ರೈವರ್ ಕರೆಪ್ಪ ಅಲ್ಲೇ ನಿಂತಿದ್ದ. ಕೀಲಿಯನ್ನು ಅವನ ಕೈಗೆ ತುರುಕಿದೆ. ಅವನು ಕೀಲಿ ನೋಡಿದ, ಮ್ಯಾನೇಜರನ ಮುಖ ನೋಡಿದ. "ಬಾಯಾರ, ನಾಕು ಮಕ್ಕಳ ಅದಾವ್ರಿ ನನಗ" ಎಂದು ಕೀಲಿಯನ್ನು ಮತ್ತೆ ತಾಟಿನಲ್ಲಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಗಾಡಿ ನಡೆಸಲು ಬರುತ್ತಿರಲಿಲ್ಲ. ಗೇಟಿನ ಹೊರಗೆ ರಸ್ತೆಗೆ ಓಡಿ ಯಾವುದಾದರೂ ಗಾಡಿಗೆ ಕೈ ಮಾಡೋಣವೆಂದರೆ ಒಂದೂ ಬರಲಿಲ್ಲ. ಅಂದು ಎಲ್ಲರ ಗಾಡಿಗಳೂ ಅವರವರ ಮನೆಯ ಮುಂದೆ ಮಾಲೆ ಹಾಕಿಕೊಂಡು ನಿಂತಿದ್ದವು. ಆ ಖಾಲಿ ರಸ್ತೆಯ ಮೇಲೆ ನಿಂತು ನಾನು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಅಧ್ಯಕ್ಷರು ತಡವಾಗಿ ಬಂದರು. ಆರತಿಯಾಯಿತು, ಕಾಯಿ ಒಡೆದರು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿದರು, ಪ್ರಸಾದ ಹಂಚಿದರು. ಆಮೇಲೆ ಜೀಪು ಹೊರಟಿತು. ಹಗ್ಗ ಹಿಡಿದು ನಾನೂ ಏರಿ ಕೂತೆ. ಬಾನೆಟ್ಟಿನ ಮಾಲೆ ದಾರಿಯುದ್ದಕ್ಕೂ ಗಾಳಿಗೆ ಹಾರುತ್ತಿತ್ತು. ಕರೆಪ್ಪ ಈಗ ಜೀಪನ್ನು ಹುಚ್ಚನಂತೆ ಓಡಿಸುತ್ತಿದ್ದ, ಕಣ್ಣೊರೆಸಿಕೊಳ್ಳುತ್ತಿದ್ದ.

ಜಾಕ್‌ವೆಲ್ಲಿನ ಕೋಣೆ ತೆರೆದೇ ಇತ್ತು. ನೆಲದ ಕಬ್ಬಿಣದ ಬಾಗಿಲಿನ ಒಂದು ಕೀಲು ಮುರಿದು, ಬಾಗಿಲು ಓರೆಯಾಗಿ ಬಿದ್ದು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಕರೆಪ್ಪನ ಜೊತೆ ಜೀಪಿನಲ್ಲಿ ಬಂದಿದ್ದ ಇನ್ನಿಬ್ಬರು ಸೇರಿ ಹಾರೆ ಹಾಕಿ ಎತ್ತಿದರು. ನೀರು ಏಣಿಯ ಮೇಲಿನ ಮೆಟ್ಟಿಲವರೆಗೆ ಬಂದಿತ್ತು. ಚಾಚಾನ ಕೈಸೆಟ್ಟು ಅದರ ಪಟ್ಟಿಯಿಂದ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಬಿಗಿದಿತ್ತು, ಇನ್ನೂ ಹಚ್ಚಿಯೇ ಇತ್ತು. ಚಾಚಾ ಅದರ ಕೆಳಗಿದ್ದರು. ಮೈಮೇಲೆ ಅಂಗಿ ಇರಲಿಲ್ಲ. ನದಿ ಇಳಿದ ಮೇಲೆ ನೋಡಿದಾಗ ಅಂಗಿ ಸಿಕ್ಕಿತು, ಸ್ಟಾರ್ಟರ್ ಡಬ್ಬಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿತ್ತು. ಯಾರ ಡಬ್ಬಿ? ಕಾರ್ಖಾನೆಯ ಡಬ್ಬಿ. ತನ್ನ ಜೀವ ಹೋಗುತ್ತಿರುವಾಗ ಅದನ್ನು ಕಾಪಾಡಲು ಹೊರಟ ಮನುಷ್ಯನಿಗೆ ಇವರು ಒಂದು ಜೀಪು ಕೊಡಲಿಲ್ಲ.

ಮರುದಿನ ದಸರೆ. ಚಾಚಾನನ್ನು ಮಣ್ಣು ಮಾಡಿ ಬಂದು ನಾನು ಕೋಣೆಯಲ್ಲಿ ಕೂತಿದ್ದೆ. ಮ್ಯಾನೇಜರ ಎಲ್ಲರಿಗೂ ಬನ್ನಿ ಕೊಡುತ್ತ ಬಂದ. ನನ್ನ ಮುಂದೆಯೂ ಎಲೆ ಹಿಡಿದು, "ಬಂಗಾರ ತಗೋರಿ, ಬಂಗಾರಧಂಗ ಇರೂಣು" ಅಂದ. ಬಾಯಿ ಹೇಗೆ ಬಂತೋ! ನಾನು ಕೈ ಚಾಚಲಿಲ್ಲ. ಎಲೆ ಮೇಜಿನ ಮೇಲಿಟ್ಟು ಹೋದ. ಅದನ್ನು ಗುಡಿಸಿ ಹೊರಗೆ ಚೆಲ್ಲಿದೆ. ಬನ್ನಿಯನ್ನು ಹಾಗೆ ಚೆಲ್ಲಬಾರದು ಅನ್ನುತ್ತಾರೆ, ನನಗೂ ಗೊತ್ತು.

ಆಮೇಲೆ ವಿಚಾರಣೆ ನಡೆಯಿತು. ವಿಚಾರಣೆಯ ಮುಂಚಿನ ದಿನ ಪುಣೆಯ ಎಂಜಿನಿಯರ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. "ಮ್ಯಾಡಮ್, ನವ್ಯಾ ಸೆಟ್‌ವರ್ ಐಕಲಂ ಅಸಂ ಸಾಂಗಾ ನಾ" ಅಂದ. ಹೊಸ ಸೆಟ್ಟಿನಲ್ಲೇ ಕೇಳಿತು ಎಂದುಬಿಡಿ, ಎಲ್ಲರೂ ನಂಬುತ್ತಾರೆ ಎಂದು ಅವನ ಮಾತು. ನಂಬುತ್ತಿದ್ದರು, ನಿಜ. ಆ ಒಂದು ಮಾತು ಅಂದಿದ್ದರೆ ಕರೆ ಬಂದದ್ದು ಸಾಬೀತಾಗಿ ಮ್ಯಾನೇಜರ ಸಿಕ್ಕಿಬೀಳುತ್ತಿದ್ದ. ಅದರ ಜೊತೆಗೆ, ಕಾಂಕ್ರೀಟು ಬಾವಿಯೊಳಗಿನ ಕರೆಯನ್ನೂ ಹಿಡಿದ ಸೆಟ್ಟು ಎಂದು ಆ ಕಿವುಡು ಡಬ್ಬಿಗೆ ಹೆಸರು ಬರುತ್ತಿತ್ತು. ಚಾಚಾನ ಧ್ವನಿಯನ್ನು ಬೆಳಗಿನಿಂದ ನುಂಗಿದ್ದೇ ಅದು. ಚಿಕ್ಕೋಡಿ, ಅಥಣಿ ಎಲ್ಲ ಕಡೆಯೂ ಅವೇ ಬರಲಿದ್ದವು. ನಾಳೆ ಇನ್ನೊಬ್ಬರು ಒದರಿದಾಗ? ಎದ್ದು ನಿಂತು ಅವನಿಗೆ ಬಾಗಿಲು ತೋರಿಸಿದೆ.

ವಿಚಾರಣೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಂಗಿಯ ಮಾತು ನನಗೆ ಹೇಗೆ ಗೊತ್ತಾಯಿತು ಹೇಳಿ, ನದಿ ಇಳಿಯುವ ಮೊದಲೇ ಜೀಪಿನಲ್ಲಿ ಕರೆಪ್ಪನಿಗೆ ಹೇಳಿದ್ದೆ ಎಂದೆ. ಕರೆಪ್ಪ ಹೌದೆಂದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಎಂಜಿನಿಯರ ಹಳೆಯ ಸೆಟ್ಟನ್ನು ಎಲ್ಲರ ಮುಂದಿಟ್ಟು, ಹರಳು ತೆಗೆದು, ದೀಪ ಹಚ್ಚಿ, ಅಂಗಳದಿಂದ ಒಬ್ಬನಿಗೆ ಕೈಸೆಟ್ಟಿನಲ್ಲಿ ಮಾತಾಡಲು ಹೇಳಿದ. ಸೆಟ್ಟು ತುಟಿಪಿಟಕ್ಕೆನ್ನಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಅದು ಮಾತಾಡುವುದಿಲ್ಲ ಎಂದು ನನಗೂ ಗೊತ್ತಿತ್ತು. ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಬರೆದದ್ದೇನು? ಕಾರ್ಖಾನೆಗೆ ಯಾವ ಕರೆಯೂ ಬಂದಿರಲಿಲ್ಲ, ಪಂಪ್ ಆಪರೇಟರ್ ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ಕೆಳಗಿಳಿದು ಸತ್ತ ಎಂದು. ತಪ್ಪೆಲ್ಲ ಸತ್ತವರ ತಲೆಗೆ. ಹಾಗೆ ಬರೆದವರ ಬಾಯಿಗೆ ಮಣ್ಣು ಬೀಳಲಿ. ಆ ತಿಂಗಳೇ ನಾನು ನೌಕರಿ ಬಿಟ್ಟೆ.

ಈಗ ನೀವು ಕೇಳುತ್ತೀರಿ, ಹಾಗಾದರೆ ಆ ಧ್ವನಿ ಏನು? ನಾನೂ 'ಹೀಗಿರಬಹುದೇ' ಎಂದು ಒಂದೊಂದಾಗಿ ತಲೆ ಕೆಡಿಸಿಕೊಂಡಿದ್ದೇನೆ. ತೀರ ಜೋರಾದ ಸ್ಟೇಷನ್ ಆದರೆ ಬರೀ ಸ್ಪೀಕರಿನ ತಂತಿಯಲ್ಲೂ ಒಮ್ಮೊಮ್ಮೆ ಗೊಣಗುತ್ತದೆ; ಚಾಚಾನದು ಜೋರಾದ ಸ್ಟೇಷನ್ ಅಲ್ಲ, ನೀರು ಮತ್ತು ಕಾಂಕ್ರೀಟಿನೊಳಗಿನಿಂದ ಹೊರಟ ಪಿಸುಮಾತು. ಹೊಸ ಸೆಟ್ಟಿನ ಸದ್ದು ಹಳೆಯದಕ್ಕೆ ಹಾಯ್ದಿರಬಹುದೇ? ಹೊಸದರಲ್ಲಿ ಮಾತೇ ಇರಲಿಲ್ಲ, ಖರ್‌ ಮಾತ್ರ. ನನ್ನ ಭ್ರಮೆಯೇ? ಬಾಗಿಲು ಮುರಿಯಬಹುದೆಂದು ನಾನು ಊಹಿಸಿರಬಹುದು, ನೀರು ಏರುವುದನ್ನೂ ಊಹಿಸಿರಬಹುದು. ಅಂಗಿಯನ್ನು ಹೇಗೆ ಊಹಿಸಲಿ? ಆಮೇಲೆ ನಾನು ಚಿಕ್ಕೋಡಿಯಲ್ಲಿ ಅಂಗಡಿ ಹಾಕಿದೆ. ಆ ಹಳೆಯ ಸೆಟ್ಟನ್ನು ಕಾರ್ಖಾನೆಯವರು ಗುಜರಿಗೆ ಹಾಕಿದಾಗ ಹೋಗಿ ತಂದು, ಪೂರ್ತಿ ಬಿಚ್ಚಿ, ಪ್ರತಿಯೊಂದು ಬೆಸುಗೆಯನ್ನೂ ನೋಡಿದೆ. ಹರಳಿಲ್ಲದೆ ಅದು ಒಮ್ಮೆಯೂ ಮಾತಾಡಿಲ್ಲ. ನನಗೆ ಗೊತ್ತಿರುವ ವಿದ್ಯೆಯಲ್ಲಿ ಇದಕ್ಕೆ ಉತ್ತರವಿಲ್ಲ.

ನೌಕರಿ ಬಿಟ್ಟ ಮೇಲೆ ಒಂದು ದಿನ ಚಾಚಾನ ಹೆಂಡತಿ ಜೈನಬಿ ಚಾಚಿಯನ್ನು ನೋಡಲು ಹೋಗಿದ್ದೆ. ವಿಚಾರಣೆಯಲ್ಲಿ ನಾನು ಹೊಸ ಸೆಟ್ಟಿನ ಹೆಸರು ಹೇಳಿದ್ದರೆ ನ್ಯಾಯ ಸಿಗುತ್ತಿತ್ತು ಎಂದು ಅವರಿಗೆ ಯಾರೋ ಹೇಳಿದ್ದರು. ಬೈಯುತ್ತಾರೆ ಎಂದುಕೊಂಡೇ ಹೋದೆ. ಬೈಯಲಿ ಎಂದೂ ಅನ್ನಿಸಿತ್ತು. ಚಾಚಿ ಚಹಾ ಮಾಡಿಕೊಟ್ಟು ಎದುರಿಗೆ ಕೂತರು. ನಾನು ಹರಳು, ತಂತಿ, ಹೊಸ ಸೆಟ್ಟಿನ ನಡುಕ, ಅದರ ಗದ್ದಲ ಎಲ್ಲವನ್ನೂ ಹೇಳತೊಡಗಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಯಾವ ಡಬ್ಬ್ಯಾಗ ಕೇಳಿಸ್ತು ಅನ್ನೂದ ತಗೊಂಡು ನಾ ಏನ ಮಾಡ್ಲೆವ್ವಾ? ಅವರು ಒದರಿದ್ರು, ನಿನಗ ಕೇಳಿಸ್ತು. ಆತು. ನನಗ ಒಂದ ಹೇಳು. ನೀ ಅಂಗಳದಾಗ ನಿಂತು ಆ ಸಾಹೇಬನ ಮುಂದ ಒದರಿದೆಲ್ಲ, ಅಲ್ಲೂ ಹಂಗ ಗದ್ದಲ ಇತ್ತೇನು? ಅವಗ ಕೇಳಿಸಲಿಲ್ಲೇನು?"

ಬಟ್ಟಲು ಕೆಳಗಿಟ್ಟೆ.

"ಇಲ್ಲ ಚಾಚಿ," ಅಂದೆ. "ಹಲಗೀನೂ ನಿಂತಿತ್ತು. ಎಲ್ಲಾ ಸ್ವಚ್ಛ ಕೇಳಿಸ್ತು ಅವಗ."